ಒಂದು ತಾಡಪತ್ರಿ, ಒಂದು ಕೊಪ್ಪಿ, ಎಂಟು ಗೂಟ: ಹಗುರ ಚೀಲ ಹೊತ್ತು ಮಳೆಯಲ್ಲಿ ನಡೆಯುವವರಿಗೆ

ಮಳೆಯಲ್ಲಿ ಹೊಲಕ್ಕೆ ಹೊರಟವರು ಖಾಲಿ ಗೊಬ್ಬರದ ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತುರುಕಿ ತಲೆಗೆ ಕೊಪ್ಪಿ ಹಾಕಿಕೊಳ್ಳುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ತಲೆ, ಹೆಗಲು, ಬೆನ್ನು ಮುಚ್ಚುತ್ತದೆ, ಎದೆ ತೆರೆದೇ ಇರುತ್ತದೆ. ತೂಕ ನೂರು ಗ್ರಾಂ ಮೇಲೆ ಸ್ವಲ್ಪ. ಬಗ್ಗಿ ಕಳೆ ತೆಗೆದರೂ ಒಳಗೆ ಬೆವರು ಕಟ್ಟುವುದಿಲ್ಲ. ಸಾವಿರಾರು ರೂಪಾಯಿಯ ಜಾಕೆಟ್‌ಗೆ ಕೈ ಹಾಕುವ ಮೊದಲು ಈ ಕೊಪ್ಪಿ ಯಾಕೆ ಕೆಲಸ ಮಾಡುತ್ತದೆ ಎಂದು ನೋಡಿಕೊಂಡರೆ ಅರ್ಧ ದುಡ್ಡೂ ಉಳಿಯುತ್ತದೆ, ಅರ್ಧ ಭಾರವೂ ಉಳಿಯುತ್ತದೆ.

ಮೇಲಿಂದ ಬೀಳುವ ನೀರನ್ನು ಯಾವ ಪ್ಲಾಸ್ಟಿಕ್ಕಾದರೂ ತಡೆಯುತ್ತದೆ. ತೊಂದರೆ ಕೊಡುವುದು ಉಳಿದ ನೀರು: ಬೆವರಾಗಿ ಒಳಗಿಂದ ಬರುವುದು, ಗಾಳಿಗೆ ಅಡ್ಡ ಹೊಡೆಯುವುದು, ನೆಲಕ್ಕೆ ಬಡಿದು ಸಿಡಿಯುವುದು, ಹಗ್ಗ ಹಿಡಿದು ಸೂರಿನೊಳಗೆ ಇಳಿಯುವುದು. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ನಾಲ್ಕರ ಬಗ್ಗೆಯೇ.

ಯಾವ ಕಡೆಗೆ ಹೊರಟಿದ್ದೀರಿ?

ಗದಗ ಸೀಮೆಯಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ಆದರೆ ಬಂದರೆ ಗುಡುಗು, ಬಿರುಗಾಳಿ ಸಮೇತ ಒಂದು ತಾಸಿನಲ್ಲಿ ಸುರಿದು ಹೋಗುತ್ತದೆ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಲ್ಲಿ ಶತ್ರು ಗಾಳಿ. ಅಳ್ನಾವರ, ಕಲಘಟಗಿ, ಹಾನಗಲ್ಲ ಕಡೆ ಮುಂಗಾರು ಎಂದರೆ ದಿನಗಟ್ಟಲೆ ಜಿಟಿಜಿಟಿ. ಅಲ್ಲಿಂದ ಪಶ್ಚಿಮಕ್ಕೆ ದಾಂಡೇಲಿ ದಾಟಿ ಕ್ಯಾಸಲ್‌ರಾಕ್ ಮುಟ್ಟುವಷ್ಟರಲ್ಲಿ ಮಳೆ ಗದಗಿನ ಹಲವು ಪಟ್ಟು. ಗುಡ್ಡದ ಬೋಳು ನೆತ್ತಿಯಲ್ಲಿ ಕೊಡೆ ಐದು ನಿಮಿಷಕ್ಕೆ ತಿರುಗಿ ಹೂವಾಗುತ್ತದೆ. ಕಾಡಿನ ದಾರಿಯಲ್ಲಿ, ಮರದ ಕೆಳಗೆ ಗಾಳಿ ಇಲ್ಲದ ಕಡೆ, ಅದೇ ಕೊಡೆಯಷ್ಟು ಆರಾಮ ಇನ್ನೊಂದಿಲ್ಲ. ಹಾಗಾಗಿ ಒಂದೇ ಪಟ್ಟಿ ಎಲ್ಲ ಕಡೆಗೂ ಆಗುವುದಿಲ್ಲ.

ಅನುಮತಿಯ ಮಾತೂ ಇಲ್ಲೇ. ಕಪ್ಪತಗುಡ್ಡ ವನ್ಯಜೀವಿಧಾಮ, ದಾಂಡೇಲಿ–ಅಣಶಿ ಭಾಗ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆ ಒಪ್ಪದೆ ಅಲ್ಲಿ ರಾತ್ರಿ ತಂಗುವಂತಿಲ್ಲ. ತಾಡಪತ್ರಿ ಕಟ್ಟುವುದಾದರೆ ಊರಂಚಿನ ಜಾಗ, ಕೇಳಿ ಪಡೆದ ಹೊಲ, ಗುಡಿಯ ಬಯಲು. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಕೇಳದೆ ಬಿತ್ತಿದ ಹೊಲದಲ್ಲಿ ಗೂಟ ಹೊಡೆದರೆ ಬೈಸಿಕೊಳ್ಳುವುದು ಖಾತ್ರಿ.

ಮೈಮೇಲೆ

ಉಸಿರಾಡುವ ಬಟ್ಟೆ ಎಂದು ಮಾರುವ ಜಾಕೆಟ್ಟಿನ ಪದರ, ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ ಮಾತ್ರ ಆವಿಯನ್ನು ಹೊರಗೆ ಬಿಡುತ್ತದೆ. ಹಿಮದ ಸೀಮೆಯ ಒಣ ಚಳಿಯಲ್ಲಿ ಆ ಅಂತರ ದೊಡ್ಡದು. ಜುಲೈ ತಿಂಗಳ ನಮ್ಮ ಕಾಡಿನಲ್ಲಿ ಹೊರಗಿನ ಗಾಳಿಯೇ ಬೆಚ್ಚಗೆ, ನೀರು ತುಂಬಿಕೊಂಡು ನಿಂತಿರುತ್ತದೆ, ಅಂತರವೇ ಉಳಿಯುವುದಿಲ್ಲ. ಏರು ಹತ್ತುವಾಗ ಮೈ ತಾಸಿಗೆ ಅರ್ಧ ಲೀಟರಿಗಿಂತ ಹೆಚ್ಚು ಬೆವರಬಹುದು. ಅದು ಹೋಗುವುದಾದರೂ ಎಲ್ಲಿಗೆ? ಒಂದು ತಾಸಿಗೆ ಒಳಂಗಿ ಹಿಂಡಿದರೆ ನೀರು ಬರುತ್ತದೆ, ಜಾಕೆಟ್ ಸೋರುತ್ತಿದೆ ಎಂದು ಅಂಗಡಿಯವನ ಮೇಲೆ ಸಿಟ್ಟು. ಹೊರಮೈಗೆ ಬಳಿದ ನೀರು ಜಾರುವ ಲೇಪ ಸವೆದಿದ್ದರಂತೂ ಮುಗಿಯಿತು: ಹೊರ ಬಟ್ಟೆ ನೀರು ಕುಡಿದು ಮೈಗೆ ಅಂಟುತ್ತದೆ, ಇದ್ದಬದ್ದ ಉಸಿರೂ ಕಟ್ಟುತ್ತದೆ.

ಆದ್ದರಿಂದ ಗಾಳಿ ಆಡುವ ದಾರಿ ಮುಖ್ಯ. ಜಾಕೆಟ್ಟೇ ಬೇಕೆಂದರೆ ಕಂಕುಳಲ್ಲಿ ಜಿಪ್ ಇರುವುದನ್ನು ನೋಡಿ. ಇಲ್ಲವಾದರೆ ಪಾಂಚೋ, ಅಂದರೆ ಕೊಪ್ಪಿಯ ಪೇಟೆಯ ತಮ್ಮ. ಸುಮಾರು 1.4 × 2.6 ಮೀಟರ್ ಅಳತೆಯದು, ತೆಳು ನೈಲಾನಿನದು, 250–300 ಗ್ರಾಂ ತೂಗುತ್ತದೆ, ಬೆನ್ನ ಮೇಲಿನ ಚೀಲವನ್ನೂ ಮುಚ್ಚುತ್ತದೆ. ಗಾಳಿಗೆ ಹಾರುವುದು ಅದರ ದೋಷ. ಸೊಂಟದ ಸುತ್ತ ಒಂದು ದಾರ ಕಟ್ಟಿ, ಹಿಂದಿನ ಅಂಚನ್ನು ಚೀಲದ ಕೆಳಗೆ ಸಿಕ್ಕಿಸಿದರೆ ಮುಕ್ಕಾಲು ಪಾಲು ಹತೋಟಿಗೆ ಬರುತ್ತದೆ. ಕಾಲಿಟ್ಟ ಜಾಗ ಮಾತ್ರ ಕಾಣುವುದಿಲ್ಲ. ಕಲ್ಲು ಇಳಿಯುವಾಗ ಮುಂದಿನ ಅಂಚನ್ನು ಎತ್ತಿ ಸೊಂಟದ ದಾರಕ್ಕೆ ಸಿಕ್ಕಿಸಿ. ಬೈಕಿಗೆ ಹಾಕುವ ದಪ್ಪ ರೇನ್‌ಕೋಟ್ ಬೈಕಿಗೇ ಇರಲಿ. ಅದು ಕೂತವರ ಬಟ್ಟೆ, ನಡೆಯುವವರದ್ದಲ್ಲ.

ಹಳಬರ ಕಂಬಳಿಗೂ ಇಲ್ಲಿ ಒಂದು ಮಾತು ಸಲ್ಲಬೇಕು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಂಥ ಊರುಗಳಲ್ಲಿ ನೇಯುವ ಕರಿ ಕಂಬಳಿಗೆ ಹುಣಸೆ ಬೀಜದ ಗಂಜಿ ಕೊಡುತ್ತಾರೆ. ಎಳೆ ಬಿಗಿಯುತ್ತದೆ, ಹನಿ ಮೇಲ್ಮೈಯಿಂದ ಜಾರುತ್ತದೆ, ತೊಯ್ದರೂ ಉಣ್ಣೆ ಬೆಚ್ಚಗಿಡುತ್ತದೆ. ಕುರಿ ಕಾಯಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನೀರು ಕುಡಿದ ಕಂಬಳಿಯನ್ನು ಮೂರು ದಿನ ಬೆನ್ನ ಮೇಲೆ ಹೊರುವುದು ಬೇರೆ ಮಾತು.

ಕಾಲು ತೊಯ್ದೇ ತೊಯ್ಯುತ್ತದೆ. ನೀರು ಒಳಗೆ ಬಿಡದ ಶೂ ಒಳಗೆ ಬಂದ ನೀರನ್ನು ಹೊರಗೂ ಬಿಡುವುದಿಲ್ಲ. ಜಾಲರಿ ಬಟ್ಟೆಯ ಹಗುರ ಶೂ, ಬೆಳಗ್ಗೆ ಪಾದಕ್ಕೆ ವ್ಯಾಸಲೀನ್, ರಾತ್ರಿಗೆ ಮಾತ್ರ ಅಂತ ಒಂದು ಜೊತೆ ಒಣ ಕಾಲುಚೀಲ. ಆ ಜೊತೆಯನ್ನು ಹಗಲು ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಬೆಳಗ್ಗೆ ಒದ್ದೆಯದನ್ನೇ ಹಿಂಡಿ ಹಾಕಿ, ಹತ್ತು ನಿಮಿಷಕ್ಕೆ ಬಿಸಿಯಾಗುತ್ತದೆ.

ಚೀಲದ ಒಳಗೆ

ಚೀಲದ ಮೇಲೆ ಹಾಕುವ ರೇನ್ ಕವರ್ ಬೆನ್ನ ಕಡೆ ತೆರೆದಿರುತ್ತದೆ. ಕುತ್ತಿಗೆಯಿಂದ ಇಳಿದ ನೀರು ಬೆನ್ನಿಗೂ ಚೀಲಕ್ಕೂ ನಡುವೆ ಹರಿದು, ಕವರಿನ ತಳದಲ್ಲಿ ಬಟ್ಟಲಿನಂತೆ ನಿಂತು, ಕೆಳಗಿಂದ ಚೀಲ ತೋಯಿಸುತ್ತದೆ. ಹಾಸಿಗೆ ಇರುವುದೂ ಅಲ್ಲೇ. ಕವರ್ ಬಿಟ್ಟರೂ ನಡೆದೀತು, ಒಳಪದರ ಬಿಡಬೇಡಿ: 75–100 ಮೈಕ್ರಾನ್ ದಪ್ಪದ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಬೆನ್ನುಚೀಲದೊಳಗೆ ಇಳಿಬಿಟ್ಟು, ಸಾಮಾನು ಅದರೊಳಗೆ ತುಂಬಿ, ಬಾಯಿಯನ್ನು ಗಾಳಿ ಹೊರಗೆ ಹಾಕಿ ಹತ್ತು ಸುತ್ತು ತಿರುಚಿ, ಮಡಚಿ ರಬ್ಬರ್ ಹಾಕಿ. ಬರೀ ಗಂಟು ಹಾಕಿದರೆ ನೀರು ಒಳಗೆ ಹೋಗುತ್ತದೆ, ಕತ್ತಲಲ್ಲಿ ಬಿಚ್ಚಲೂ ಬರುವುದಿಲ್ಲ. ಯೂರಿಯಾ ಚೀಲದ ಒಳಪದರ ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದರಲ್ಲಿ ಉಳಿದ ಪುಡಿ ಗಾಳಿಯ ತೇವ ಎಳೆದುಕೊಂಡು ಹಾಸಿಗೆಯನ್ನು ಅಂಟಂಟು ಮಾಡುತ್ತದೆ.

ತಾಡಪತ್ರಿ: ಕೊಳ್ಳುವುದು

ಇಬ್ಬರಿಗೆ 3 × 3 ಮೀಟರ್ ಸಾಕು. ಅಂಗಡಿಯಲ್ಲಿ ಅಡಿ ಲೆಕ್ಕ: 10 × 10 ಅಡಿ ಎಂದರೆ ಸುಮಾರು 9.3 ಚದರ ಮೀಟರ್. ದಪ್ಪವನ್ನು ಜಿಎಸ್‌ಎಂ ಎನ್ನುತ್ತಾರೆ, ಅಂದರೆ ಒಂದು ಚದರ ಮೀಟರಿನ ತೂಕ ಇಷ್ಟು ಗ್ರಾಂ ಎಂದು. ರಾಶಿ ಮುಚ್ಚುವ 250 ಜಿಎಸ್‌ಎಂ ತಾಡಪತ್ರಿ 9 ಚದರ ಮೀಟರಿಗೆ ಎರಡೂಕಾಲು ಕಿಲೋ. 90 ಜಿಎಸ್‌ಎಂ ಆದರೆ 810 ಗ್ರಾಂ. ಸಿಲಿಕಾನ್ ಲೇಪದ ತೆಳು ನೈಲಾನ್ 45–50 ಜಿಎಸ್‌ಎಂ. ಅಷ್ಟೇ ಅಗಲಕ್ಕೆ 400–450 ಗ್ರಾಂ. ಚುನಾವಣೆ, ಜಾತ್ರೆ ಮುಗಿದ ಮೇಲೆ ಸಿಗುವ ಫ್ಲೆಕ್ಸ್ ಬ್ಯಾನರ್ ನೀರನ್ನೇನೋ ತಡೆಯುತ್ತದೆ, ಆದರೆ 300 ಜಿಎಸ್‌ಎಂ ಆಸುಪಾಸು. ಮಡಚಿದಲ್ಲಿ ಬಿರುಕು ಬಿಡುತ್ತದೆ, ಬೆನ್ನೂ ಮುರಿಯುತ್ತದೆ.

ಅಂಗಡಿಯವರು ಹೇಳಿದ ಜಿಎಸ್‌ಎಂ ಒಪ್ಪಿಕೊಳ್ಳುವ ಮೊದಲು ತಕ್ಕಡಿಗೆ ಹಾಕಿ. ಗ್ರಾಂ ತೂಕವನ್ನು ಚದರ ಮೀಟರಿನಿಂದ ಭಾಗಿಸಿದರೆ ನಿಜ ಗೊತ್ತಾಗುತ್ತದೆ. ಮೊದಲ ಸಲಕ್ಕೆ 90 ಜಿಎಸ್‌ಎಂ ಪ್ಲಾಸ್ಟಿಕ್ ತಾಡಪತ್ರಿಯೇ ಒಳ್ಳೆಯದು: ಅಗ್ಗ, ಹರಿದರೂ ಹೊಟ್ಟೆ ಉರಿಯುವುದಿಲ್ಲ. ಅದರ ದೌರ್ಬಲ್ಯ ಅಂಚಿನ ಕಣ್ಣುಗಳು. ಗಾಳಿ ಜಗ್ಗಿದಾಗ ಲೋಹದ ಬಳೆ ಕಿತ್ತು ಕೈಗೆ ಬರುತ್ತದೆ. ಆಗ ಅಡಿಕೆ ಗಾತ್ರದ ದುಂಡನೆ ಹರಳನ್ನು ತಾಡಪತ್ರಿಯ ಕೆಳಗಿಟ್ಟು, ಮೇಲಿಂದ ಕುತ್ತಿಗೆ ಹಿಡಿದಂತೆ ಬಟ್ಟೆ ಕೂಡಿಸಿ, ಜೀರುಗಂಟಿನಿಂದ ಹಗ್ಗ ಬಿಗಿಯಿರಿ. ಜಗ್ಗಿದಷ್ಟೂ ಬಿಗಿಯಾಗುತ್ತದೆ. ತೂತು ಬೇಡ, ಸೂಜಿ ಬೇಡ, ಎಲ್ಲಿ ಬೇಕೋ ಅಲ್ಲಿ. ಚೂಪು ಹರಳು ಮಾತ್ರ ಬಳಸಬೇಡಿ, ಕೊಯ್ಯುತ್ತದೆ.

ತಾಡಪತ್ರಿ: ಹೊಲಿಸುವುದು

ನೈಲಾನ್ ಬಟ್ಟೆ ತರಿಸಿ ಊರಿನ ಟೇಲರ್ ಕಡೆ ಹೊಲಿಸಬಹುದು. ಒಂದೂವರೆ ಮೀಟರ್ ಅಗಲದ್ದು 6.2 ಮೀಟರ್ ಬೇಕು. ನಡುವೆ ಕತ್ತರಿಸಿ ಎರಡು ತುಂಡು ಮಾಡಿ, ಉದ್ದಕ್ಕೆ ಜೋಡಿಸಿದರೆ ಮಡಿಕೆ ಕಳೆದು ಸುಮಾರು 3 × 2.9 ಮೀಟರ್ ಸಿಗುತ್ತದೆ. ನಡುವಿನ ಜೋಡಣೆ ಜೀನ್ಸ್ ಪ್ಯಾಂಟಿನ ಕಾಲಿಗೆ ಹಾಕುವ ಹೊಲಿಗೆಯಂತಿರಬೇಕು: ಎರಡೂ ಅಂಚು ಒಂದರೊಳಗೊಂದು ಮಡಚಿ, ಎರಡು ಸಾಲು. ಇದೇ ಮುಂದೆ ಸೂರಿನ ನೆತ್ತಿಯಾಗುತ್ತದೆ.

ಟೇಲರ್‌ಗೆ ನಾಲ್ಕು ಮಾತು ಮೊದಲೇ ಹೇಳಿ. ಸೂಜಿ 11 ಅಥವಾ 12 ನಂಬರ್. ಸೀಟ್ ಕವರ್ ಹೊಲಿಯುವವರ ದಪ್ಪ ಸೂಜಿ ಮಾಡುವ ತೂತು ಆಮೇಲೆ ಮುಚ್ಚುವುದಿಲ್ಲ. ದಾರ ಪಾಲಿಯೆಸ್ಟರ್, ಹತ್ತಿಯದು ಕೊಳೆಯುತ್ತದೆ. ಹೊಲಿಗೆಯ ಒಂದೊಂದು ಹೆಜ್ಜೆ 3 ಮಿಲಿಮೀಟರ್. ತೀರ ಒತ್ತೊತ್ತಾಗಿ ಹೊಲಿದರೆ ಚಂದ ಕಾಣುತ್ತದೆ, ಆದರೆ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲೇ ಹರಿಯುತ್ತದೆ. ಇನ್ನು ಗುಂಡುಪಿನ್ನು ಚುಚ್ಚುವಂತಿಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ಬಟ್ಟೆ ಎಣ್ಣೆ ಸವರಿದಂತೆ ಜಾರುತ್ತದೆ, ಟೇಲರ್ ಗೊಣಗಿದರೆ ತಪ್ಪಲ್ಲ. ಮೊದಲು ಒಂದು ಗೇಣು ತುಂಡಿನ ಮೇಲೆ ಹೊಲಿದು ನೋಡಲಿ.

ಅಂಚಿಗೆ ಒಂದು ಸೆಂಟಿಮೀಟರಿನ ಎರಡು ಮಡಿಕೆ. ನಾಲ್ಕು ಮೂಲೆಗೆ, ಪ್ರತಿ ಬದಿಯ ನಡುವೆ ಮೂರರಂತೆ, ಒಟ್ಟು 16 ಕಡೆ 15 ಸೆಂಟಿಮೀಟರಿನ ನವಾರ ಪಟ್ಟಿಯ ಕುಣಿಕೆ. ಕುಣಿಕೆಯ ಕೆಳಗೆ ಅದೇ ಬಟ್ಟೆಯ ಅಂಗೈಯಗಲದ ತೇಪೆ ಇರಲೇಬೇಕು. ತೇಪೆ ಇಲ್ಲದ ಕುಣಿಕೆ ಮೊದಲ ಬಿರುಗಾಳಿಗೇ ಬಟ್ಟೆಯ ತುಂಡು ಸಮೇತ ಕಿತ್ತು ಹೋಗುತ್ತದೆ.

ಹೊಲಿದ ಮೇಲೆ ಸೂಜಿ ತೂತು ಮುಚ್ಚಬೇಕು. ಹಾರ್ಡ್‌ವೇರ್ ಅಂಗಡಿಯ ಬಣ್ಣವಿಲ್ಲದ ಸಿಲಿಕಾನ್ ಸೀಲಂಟ್ ಒಂದು ಪಾಲಿಗೆ ಬಣ್ಣದಂಗಡಿಯ ಟರ್ಪಂಟೈನ್ ಎರಡು ಪಾಲು ಬೆರೆಸಿ, ಜೇನಿನಷ್ಟು ತೆಳುವಾಗುವವರೆಗೆ ಕಲಕಿ, ಬ್ರಷ್ಷಿನಿಂದ ಹೊಲಿಗೆಯ ಎರಡೂ ಬದಿ ಹಚ್ಚಿ. ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಒಂದು ದಿನ ಒಣಗಲಿ. ಅಂಟಂಟಾಗಿ ಉಳಿದರೆ ಮೇಲೆ ಚೂರು ಟಾಲ್ಕಂ ಪೌಡರ್ ಉದುರಿಸಿ. ಪಾಲಿಯುರೇಥೇನ್ ಲೇಪದ ಬಟ್ಟೆಗೆ ಇದು ಹಿಡಿಯುವುದಿಲ್ಲ, ಸಿಪ್ಪೆಯಂತೆ ಸುಲಿದು ಬರುತ್ತದೆ. ಅದಕ್ಕೆ ಅದರದ್ದೇ ಸೀಲರ್ ಬೇಕು.

ಕಟ್ಟುವುದು

ಸಾಮಾನು: ತಾಡಪತ್ರಿ, 20 ಮೀಟರ್ ನೈಲಾನ್ ದಾರ (2–3 ಮಿಲಿಮೀಟರ್ ದಪ್ಪ), ಎಂಟು ಅಲ್ಯೂಮಿನಿಯಂ ಗೂಟ, ಮರ ಸಿಗದ ಕಡೆಗೆ ಎರಡು ಕೋಲು, 2.1 × 1.2 ಮೀಟರಿನ ನೆಲಹಾಸು. ನೆಲಹಾಸು 100 ಮೈಕ್ರಾನ್ ಪ್ಲಾಸ್ಟಿಕ್ಕಾದರೆ 230 ಗ್ರಾಂ. ಕೋಲು ಬಿಟ್ಟು, ನೈಲಾನ್ ತಾಡಪತ್ರಿಯಾದರೆ ಇಬ್ಬರ ಮನೆ ಒಂದು ಕಿಲೋ ಒಳಗೆ.

ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈರುತ್ಯದಿಂದ. ಸೂರಿನ ತೆರೆದ ಬಾಯಿ ಆ ಕಡೆ ಇರಕೂಡದು. ಹಿಂಗಾರಿನಲ್ಲಿ ದಿಕ್ಕು ತಿರುಗುತ್ತದೆ. ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಗಾಳಿಗೆ ದಿಕ್ಕಿನ ನೇಮವಿಲ್ಲ, ಆಗ ಸುತ್ತಲೂ ತಗ್ಗಾಗಿ ಕಟ್ಟುವುದೊಂದೇ ದಾರಿ.

ಎರಡು ಮರದ ನಡುವೆ ನೆತ್ತಿಹಗ್ಗ ಕಟ್ಟಿ. ಒಂದು ತುದಿಗೆ ಸಾದಾ ಎರಡು ಸುತ್ತಿನ ಗಂಟು. ಇನ್ನೊಂದು ತುದಿಗೆ ಲಾರಿಯವರು ಹೇರು ಬಿಗಿಯುವ ಗಂಟು: ಮರಕ್ಕೆ ಮೊಳದಷ್ಟು ಮುಂಚೆ ಹಗ್ಗದಲ್ಲೊಂದು ಜೀರುಗಂಟಿನ ಕುಣಿಕೆ ಮಾಡಿ, ತುದಿಯನ್ನು ಮರ ಸುತ್ತಿಸಿ ತಂದು ಆ ಕುಣಿಕೆಯೊಳಗೆ ತೂರಿಸಿ ಹಿಂದಕ್ಕೆ ಜಗ್ಗಿ. ರಾಟೆಯಂತೆ ಕೆಲಸ ಮಾಡುತ್ತದೆ, ಒಂಟಿ ಕೈಯಲ್ಲೂ ತಂತಿಯಂತೆ ಬಿಗಿಯಬಹುದು. ಜಗ್ಗಿದ್ದನ್ನು ಅಲ್ಲೇ ಬೆರಳಿಂದ ಒತ್ತಿ ಹಿಡಿದು, ಬಿಡಿಸಲು ಬರುವ ಅರ್ಧಗಂಟು ಹಾಕಿ. ಕಗ್ಗಂಟು ಹಾಕಿದರೆ ಒದ್ದೆ ನೈಲಾನ್ ಬೆಳಗ್ಗೆ ಹಲ್ಲಿಗೂ ಬಗ್ಗುವುದಿಲ್ಲ.

ನೆತ್ತಿ ನೆಲದಿಂದ 110 ಸೆಂಟಿಮೀಟರ್ ಇದ್ದು ಎರಡೂ ಅಂಚು ನೆಲ ಮುಟ್ಟಿದರೆ ಒಳಗಿನ ಅಗಲ ಸುಮಾರು ಎರಡು ಮೀಟರ್. ಇಬ್ಬರು ಮಲಗುವುದಕ್ಕೆ 120 ಸೆಂಟಿಮೀಟರ್ ಸಾಕು. ಎರಡೂ ಬದಿಗೆ ಮೊಳಕ್ಕೆ ಸ್ವಲ್ಪ ಕಡಿಮೆ ಜಾಗ ಖಾಲಿ ಉಳಿಯುತ್ತದೆ. ಆ ಜಾಗಕ್ಕೆ ಚೀಲ ನೂಕಬೇಡಿ, ಬಟ್ಟೆಗೆ ಒಳಗಿಂದ ತಾಗಿದ್ದೆಲ್ಲ ತೊಯ್ಯುತ್ತದೆ. ಬಿರುಗಾಳಿ ಇದ್ದರೆ ನೆತ್ತಿಯನ್ನು 90ಕ್ಕೆ ಇಳಿಸಿ, ಗಾಳಿ ಬರುವ ತುದಿಯನ್ನು ಮೊಣಕಾಲಿನಷ್ಟು ತಗ್ಗಿಸಿ. ತಲೆ ಎತ್ತರದ ಕಡೆ, ಕಾಲು ತಗ್ಗಿನ ಕಡೆ. ಗೂಟ ಹೊಡೆಯುವಾಗಲೂ ಗಾಳಿ ಬರುವ ಕಡೆಯ ಎರಡು ಮೂಲೆ ಮೊದಲು. ಇಲ್ಲವಾದರೆ ತಾಡಪತ್ರಿ ಗಾಳಿಪಟವಾಗಿ ಬೇಲಿ ಸೇರುತ್ತದೆ. ಗೂಟದ ತಲೆ ಸೂರಿನಿಂದ ಆಚೆಗೆ ವಾಲಿರಲಿ, ದಾರ ನೆಲಕ್ಕೆ ಹತ್ತಿದಂತಿರಲಿ.

ಜಿಟಿಜಿಟಿ ಮಳೆಯ ರಾತ್ರಿ ಗಾಳಿ ಇಲ್ಲದಿದ್ದರೆ ಅಂಚನ್ನು ಗೇಣೆತ್ತರ ಮೇಲೆತ್ತಿ ಕಟ್ಟಿ. ಉಸಿರಿನ ಆವಿ ಹೊರಗೆ ಹೋಗುತ್ತದೆ. ಸುತ್ತ ಬಿಗಿಯಾಗಿ ಮುಚ್ಚಿಕೊಂಡು ಮಲಗಿದವರು ಬೆಳಗ್ಗೆ ‘ಸೋರಿತು’ ಎನ್ನುವುದು ಬಹುಪಾಲು ತಮ್ಮದೇ ಉಸಿರನ್ನು.

ಇನ್ನು ಹಗ್ಗ ಹಿಡಿದು ಬರುವ ನೀರು. ಮರದ ಕಾಂಡದಿಂದ ಇಳಿದ ನೀರು ನೆತ್ತಿಹಗ್ಗದ ಹೊಟ್ಟೆಗುಂಟ ಹರಿದು, ಸೂರಿನೊಳಗೆ ಬಂದು, ಸರಿಯಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ತಾಡಪತ್ರಿಯ ಹೊರಗೆ ಅಂಗೈ ದೂರದಲ್ಲಿ ಹಗ್ಗಕ್ಕೊಂದು ಹತ್ತಿ ದಾರದ ತುಂಡು ಕಟ್ಟಿ ಇಳಿಬಿಡಿ, ಲಾಡಿಯ ಚೂರೂ ಆದೀತು. ನೀರು ಅದರ ತುದಿಯಿಂದ ಹೊರಗೇ ಉದುರುತ್ತದೆ. ಎರಡೂ ತುದಿಗೆ, ಮರೆಯದೆ.

ನೈಲಾನ್ ತೊಯ್ದರೆ ಹಿಗ್ಗುತ್ತದೆ. ಮಳೆ ಹಿಡಿದ ಅರ್ಧ ತಾಸಿಗೆ ಎದ್ದು ಎಲ್ಲ ದಾರ ಮತ್ತೊಮ್ಮೆ ಬಿಗಿಯದಿದ್ದರೆ ನಡುವೆ ಜೋಲಿ ಬಿದ್ದು ನೀರು ನಿಲ್ಲುತ್ತದೆ. ಹತ್ತು ಲೀಟರ್ ನಿಂತರೆ ಹತ್ತು ಕಿಲೋ. ಗೂಟ ಕೀಳುವುದಕ್ಕೆ ಅಷ್ಟು ಸಾಕು. ಪಾಲಿಯೆಸ್ಟರ್ ಬಟ್ಟೆಗೆ ಈ ರಗಳೆ ಕಡಿಮೆ.

ನೆಲಹಾಸು ಸೂರಿನ ನೆರಳಿಗಿಂತ ಸಣ್ಣದೇ ಇರಬೇಕು. ಅಂಚು ಹೊರಗೆ ಇಣುಕಿದರೆ ಸೂರಿನ ನೀರೆಲ್ಲ ಅದರ ಮೇಲೆ ಹರಿದು ಬೆನ್ನ ಕೆಳಗೆ ಬರುತ್ತದೆ. ಬರಿ ಮಣ್ಣಿನಲ್ಲಿ ದಪ್ಪ ಹನಿ ಗೇಣೆತ್ತರ ಸಿಡಿಯುತ್ತದೆ, ಹುಲ್ಲಿದ್ದರೆ ಸಿಡಿತ ಸಾಯುತ್ತದೆ. ಹುಲ್ಲಿನ ಜಾಗಕ್ಕೆ ಆದ್ಯತೆ. ಕಾಡಂಚಿನಲ್ಲಾದರೆ ಹುಲ್ಲಿನಲ್ಲಿ ಜಿಗಣೆ ಇರುತ್ತವೆ, ಉಪ್ಪಿನ ಪುಡಿ ಕೈಗೆಟುಕಲಿ.

ಎರಿ, ಮಸಾರಿ, ಗರಸು

ಗೂಟದ ಮಾತು ಮಣ್ಣಿನ ಮೇಲೆ ನಿಂತಿದೆ. ಮಸಾರಿ ನೆಲದಲ್ಲಿ ಆರಿಂಚಿನ ಅಲ್ಯೂಮಿನಿಯಂ ಗೂಟ ಚೆನ್ನಾಗಿ ಕಚ್ಚುತ್ತದೆ. ನವಲಗುಂದ, ನರಗುಂದ ಕಡೆಯ ಎರಿ ಭೂಮಿಯಲ್ಲಿ ಅದೇ ಗೂಟ ಸಂಜೆ ಕಲ್ಲಿನಂತೆ ನಿಂತು, ಮಧ್ಯರಾತ್ರಿ ಮಣ್ಣು ನೆನೆದ ಮೇಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಎದ್ದು ಬರುತ್ತದೆ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಹಿಡಿತ ಬಿಡುತ್ತದೆ. ಅಲ್ಲಿ ಒಂದಡಿ ಉದ್ದದ ಚಪ್ಪಟೆ ಬಿದಿರ ಗೂಟ ಬೇಕು. ಇಲ್ಲವೇ ಗೇಣುದ್ದದ ಕಟ್ಟಿಗೆಗೆ ನಡುವೆ ದಾರ ಕಟ್ಟಿ, ಒಂದು ಗೇಣು ಆಳದಲ್ಲಿ ಅಡ್ಡ ಹೂತು, ಮೇಲೆ ತುಳಿದು ಗಟ್ಟಿ ಮಾಡಿ. ಇದು ಏಳುವುದಿಲ್ಲ. ಬದುವಿನ ಹುಲ್ಲಿನಲ್ಲಿ ಗೂಟ ನಿಲ್ಲುತ್ತದೆ, ನಿಜ. ಆದರೆ ಇಲಿ ಬಿಲವೂ ಅಲ್ಲೇ, ಬಿಲ ಹುಡುಕಿ ಬರುವ ಹಾವೂ ಅಲ್ಲೇ. ಗೂಟ ಬದುವಿಗೆ, ಹಾಸಿಗೆ ದೂರ.

ಗುಡ್ಡದ ಗರಸಿನಲ್ಲಿ ಗೂಟ ಬಾಗುತ್ತದೆ. ಬಡಿದು ಪ್ರಯೋಜನವಿಲ್ಲ. ದಾರದ ತುದಿಯ ಕುಣಿಕೆಯಲ್ಲಿ ಒಂದು ಕಡ್ಡಿ ಅಡ್ಡ ತೂರಿಸಿ ನೆಲಕ್ಕಿಟ್ಟು, ಅದರ ಮುಂದೆ ದಾರದ ಮೇಲೆ ಎಂಟು–ಹತ್ತು ಕಿಲೋದ ಕಲ್ಲು ಹೇರಿ. ದಾರ ಕಲ್ಲಿನ ಚೂಪಿಗೆ ಉಜ್ಜದಂತೆ ನಡುವೆ ಚಿಂದಿ ಇಡಿ.

ಹಳ್ಳ, ಸಿಡಿಲು

ಹಳ್ಳದ ಮರಳು ಮೆತ್ತಗೆ, ಸಪಾಟು, ಕಣ್ಣಿಗೆ ಚಂದ. ಅಲ್ಲಿ ಮಲಗಬೇಡಿ. ಬೆಣ್ಣೆಹಳ್ಳ, ತುಪ್ಪರಿಹಳ್ಳದ ದಂಡೆಯ ಊರವರಿಗೆ ಇದನ್ನು ಹೇಳಬೇಕಾಗಿಲ್ಲ. ಮೇಲೆಲ್ಲೋ ಸುರಿದರೆ ಇಲ್ಲಿ ನಕ್ಷತ್ರ ಕಾಣುತ್ತಿರುವಾಗಲೇ ಹಳ್ಳ ಬರುತ್ತದೆ. ದಂಡೆಯ ಜಾಲಿ ಕಂಟಿಗಳನ್ನು ನೋಡಿ: ಟೊಂಗೆಗೆ ಒಣ ಹುಲ್ಲು, ಪ್ಲಾಸ್ಟಿಕ್ ಚಿಂದಿ ಒಂದೇ ದಿಕ್ಕಿಗೆ ಬಾಚಿದಂತೆ ಸಿಕ್ಕಿರುತ್ತವೆ. ಆ ಗೆರೆಯೇ ಹಿಂದಿನ ಪ್ರವಾಹದ ಎತ್ತರ. ಅದಕ್ಕಿಂತ ಎರಡಾಳು ಮೇಲೆ ಜಾಗ ನೋಡಿ. ಸೂರಿನ ಸುತ್ತ ಕಾಲುವೆ ತೋಡುವ ಹಳೆ ಚಾಳಿ ಬಿಡಿ. ಸ್ವಲ್ಪ ಉಬ್ಬಿದ ನೆಲ ಹುಡುಕಿದರೆ ಅದರ ಅಗತ್ಯವೇ ಬೀಳದು.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ದೂರದೊಳಗಿದೆ. ತಾಡಪತ್ರಿ ಸಿಡಿಲಿಗೆ ರಕ್ಷಣೆಯೇ ಅಲ್ಲ. ಬಯಲ ನಡುವಿನ ಒಂಟಿ ಬೇವು, ಗುಡ್ಡದ ನೆತ್ತಿ, ಎರಡೂ ಬಿಟ್ಟು ಗಟ್ಟಿ ಕಟ್ಟಡ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬೇಡಿ.

ಮನೆಗೆ ಬಂದ ಮೇಲೆ

ಒದ್ದೆ ತಾಡಪತ್ರಿಯನ್ನು ದಾರಿಯುದ್ದಕ್ಕೂ ಚೀಲದ ಹೊರಜೇಬಿನಲ್ಲೇ ಇಡಿ, ಒಳಪದರದ ಹತ್ತಿರ ಸುಳಿಯಬಾರದು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹತ್ತು ನಿಮಿಷ ಬಿಸಿಲು ಬಿದ್ದರೂ ಬೇಲಿ ಮೇಲೆ ಹರವಿ. ಮನೆಯಲ್ಲಿ ಬರೀ ನೀರಿನಿಂದ ಕೆಸರು ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ. ವಾಷಿಂಗ್ ಮಷೀನ್, ಸೋಪಿನ ಪುಡಿ, ಇಸ್ತ್ರಿ ಮೂರೂ ಬೇಡ. ಮಡಚುವಾಗ ಪ್ರತಿಸಲ ಅದೇ ಗೆರೆಗೆ ಮಡಚಿದರೆ ಲೇಪ ಅಲ್ಲೇ ಬಿರುಕು ಬಿಡುತ್ತದೆ. ಸುಮ್ಮನೆ ಸಂಚಿಯೊಳಗೆ ತುರುಕಿ. ಪಾಲಿಯುರೇಥೇನ್ ಲೇಪದ ಬಟ್ಟೆಯನ್ನು ತೇವದಲ್ಲೇ ಕಟ್ಟಿಟ್ಟರೆ ಒಂದೆರಡು ಮಳೆಗಾಲದಲ್ಲಿ ಲೇಪ ಕರಗಿ, ಬೆಲ್ಲದ ಪಾಕದಂತೆ ಅಂಟಿಕೊಂಡು, ಹುಳಿ ವಾಸನೆ ಬರುತ್ತದೆ. ಆ ವಾಸನೆ ಬಂದ ಬಟ್ಟೆಗೆ ಏನು ಬಳಿದರೂ ನೀರು ತಡೆಯದು. ಕುಣಿಕೆ, ದಾರ ಬಿಚ್ಚಿಟ್ಟುಕೊಂಡು ಬಟ್ಟೆಯನ್ನು ಸೈಕಲ್ ಮುಚ್ಚಲು ಹಾಕಿ.